ಕುರ್ಚಿಯ ಮೇಲೆ ಕುಳಿತು ಹೇಳಿದ ಸುಳ್ಳು

ರೋಹಿಣಿ ಎಂಬ ಹುಡುಗಿಯ ಮೇಲೆ ಸುಳ್ಳು ಹೇಳಿದವನು ನಾನು. ಆಕೆ ಮಾಡದ ಕೆಲಸವನ್ನು ಆಕೆಯೇ ಮಾಡಿದಳೆಂದು, ಆಕೆಗೆ ವಿದ್ಯೆ ಕಲಿಸುವ ದೊಡ್ಡ ಡಾಕ್ಟರ ಎದುರಿಗೆ, ಅವರೇ ತೋರಿಸಿದ ಕುರ್ಚಿಯ ಮೇಲೆ ಕುಳಿತು, ಅವರೇ ತರಿಸಿದ ಚಹಾ ಕುಡಿಯುತ್ತ ಹೇಳಿದೆ. ಯಾರೂ ನನ್ನನ್ನು ಹೆದರಿಸಿರಲಿಲ್ಲ. ಬಾ ಎಂದು ಯಾರೂ ಕರೆದಿರಲೂ ಇಲ್ಲ. ನಾನಾಗಿಯೇ ಹೋಗಿದ್ದೆ.

ಆ ಮಾತಿನಿಂದ ರೋಹಿಣಿಯ ಕಲಿಕೆ ಅರ್ಧಕ್ಕೆ ನಿಂತಿತು. ನನ್ನ ಮಗಳು ಶಿವಲೀಲಾ ಜೀವದ ಗೆಳತಿಯನ್ನು ಕಳೆದುಕೊಂಡಳು. ಒಬ್ಬಳು ಇನ್ನೊಬ್ಬಳನ್ನು ಮೋಸಗಾತಿ ಎಂದುಕೊಂಡು ಇಷ್ಟು ವರ್ಷ ಬದುಕಿದರು. ಇಬ್ಬರೂ ಮೋಸ ಮಾಡಿಲ್ಲ ಎಂಬುದು ಗೊತ್ತಿದ್ದವನು ನಾನೊಬ್ಬನೇ — ಗೊತ್ತಿದ್ದೂ ಉಂಡೆ, ಮಲಗಿದೆ, ಹೊಲಕ್ಕೆ ಹೋದೆ.

ನನ್ನ ಹೆಸರು ಈರಪ್ಪ, ಊರು ದೊಡವಾಡ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಅಪ್ಪ ಹಾಸಿಗೆ ಹಿಡಿದ, ಎತ್ತು ಹೊಡೆಯಲು ಕೈ ಬೇಕಾಗಿತ್ತು, ಬಿಟ್ಟೆ. ಅಲ್ಲಿಂದ ಇಲ್ಲಿಯ ತನಕ ಕುಳಿತು ಉಂಡವನಲ್ಲ. ಮೊದಲು ಇನ್ನೊಬ್ಬರ ಟ್ರ್ಯಾಕ್ಟರ್ ಹೊಡೆದೆ, ಆಮೇಲೆ ನನ್ನದೇ ಒಂದು ಕೊಂಡೆ, ಅದರ ಹಿಂದೆ ರಾಶಿ ಮಷೀನು ಕಟ್ಟಿದೆ. ಸುಗ್ಗಿ ಬಂದರೆ ಬೈಲಹೊಂಗಲದ ಸುತ್ತಲಿನ ಹಳ್ಳಿ, ಸಂಪಗಾಂವ, ಕಿತ್ತೂರ ಕಡೆ, ಸವದತ್ತಿ ಕಡೆ — ಕಡಲೆ, ಜೋಳ, ಗೋದಿ, ಯಾರು ಕರೆದರೂ ಮಷೀನು ಅಲ್ಲಿಗೆ. ಈರಪ್ಪನ ಮಷೀನು ಅಂದರೆ ಕಾಳು ಒಡೆಯುವುದಿಲ್ಲ ಎಂದು ಹೆಸರು. ಆ ಹೆಸರಿನ ಬಗ್ಗೆ ನನಗೆ ಸೊಕ್ಕು ಇತ್ತು. ಈಗಲೂ ಇದೆ, ಸುಳ್ಳು ಯಾಕೆ ಹೇಳಲಿ.

ರಾಶಿ ಮಷೀನು ನೋಡದವರಿಗೆ ಒಂದು ಮಾತು ಹೇಳಬೇಕು. ಅದಕ್ಕೊಂದು ಬಾಯಿ ಇರುತ್ತದೆ. ಕಿತ್ತ ಕಡಲೆ ಗಿಡವನ್ನು ಒಬ್ಬ ಆ ಬಾಯಿಗೆ ತಳ್ಳುತ್ತ ನಿಲ್ಲಬೇಕು. ಒಳಗೆ ಹಲ್ಲು ತಿರುಗುತ್ತಿರುತ್ತವೆ. ಒಂದು ಕಡೆ ಕಾಳು, ಇನ್ನೊಂದು ಕಡೆ ಹೊಟ್ಟು. ಧೂಳು, ಸದ್ದು, ಒಂದೇ ಸಮನೆ ತಳ್ಳುವ ಕೆಲಸ. ನಿಂತವನಿಗೆ ಗೊತ್ತಾಗದಂತೆ ಕಣ್ಣು ಮಬ್ಬಾಗುತ್ತದೆ. ನಾನು ಮಷೀನು ತಂದ ಹೊಸದರಲ್ಲಿ ನನ್ನ ಹೆಂಡತಿಯ ಅಣ್ಣ ನಿಂಗಪ್ಪ ಮುಂಜಾನೆಯಿಂದ ಅಲ್ಲೇ ನಿಂತಿದ್ದ. ನಾನೇ ನಿಲ್ಲಿಸಿದ್ದೆ. ಸಂಜೆಯ ಹೊತ್ತಿಗೆ ಅವನ ಬಲಗೈಯ ಬೆರಳು ಒಳಗೆ ಹೋದವು. ಅಂದಿನಿಂದ ನನ್ನ ಮಷೀನಿಗೆ ಒಂದು ಕಾಯ್ದೆ — ಬಾಯಿಗೆ ನಿಂತವನಿಗೆ ತಾಸಿಗೊಮ್ಮೆ ಕೈ ಬದಲಿ. ಅದಕ್ಕೂ ಮೊದಲೇ ಅವನು ‘ಸಾಕು’ ಅಂದರೆ, ಯಾಕೆ ಎಂದು ಯಾರೂ ಕೇಳಬಾರದು. ಹೊಲದ ಮಾಲೀಕ ಎಷ್ಟೇ ಅವಸರ ಮಾಡಲಿ, ಈ ಕಾಯ್ದೆ ನಾನು ಮುರಿದಿಲ್ಲ.

ನನ್ನ ಮಗಳು ಲೀಲಾ ಈ ಕಾಯ್ದೆಯನ್ನು ನೋಡುತ್ತ ಬೆಳೆದವಳು. ಎಂಬಿಬಿಎಸ್ ಮುಗಿಸಿ, ಮುಂದೆ ಪಿಜಿಗೆ ಸೀಟು ಸಿಕ್ಕಿ ದೊಡ್ಡ ಊರಿನ ದೊಡ್ಡ ದವಾಖಾನೆ ಸೇರಿದಳು. ಆ ಊರಿನ, ಆ ದವಾಖಾನೆಯ ಹೆಸರು ಇಲ್ಲಿ ಬೇಡ. ಪಿಜಿ ಅಂದರೆ ಮೂರು ವರ್ಷ ಅಲ್ಲೇ ಇದ್ದು ಕಲಿಯುವುದು. ಹೆಸರಿಗೆ ಕಲಿಕೆ, ಆದರೆ ವಾರ್ಡು ನಡೆಯುವುದೇ ಆ ಹುಡುಗರ ಮೇಲೆ. ರೋಗಿಯನ್ನು ನೋಡುವವರು, ರಕ್ತ ತೆಗೆಯುವವರು, ಸಂಬಂಧಿಕರ ಬೈಗುಳ ತಿನ್ನುವವರು ಎಲ್ಲ ಅವರೇ.

ರೋಹಿಣಿ ಲೀಲಾಳ ಯುನಿಟ್ಟಿನಲ್ಲೇ ಇದ್ದ ರಾಮದುರ್ಗದ ಹುಡುಗಿ. ಅವರ ಅಪ್ಪ ಮಗ್ಗದ ಮೇಲೆ ಸೀರೆ ನೇಯುವವರು. ಎರಡು ಸಲ ನಮ್ಮ ಮನೆಗೆ ಬಂದಿದ್ದಳು. ನನ್ನನ್ನು ಕಾಕಾ ಎನ್ನುತ್ತಿದ್ದಳು. ಒಮ್ಮೆ ಅಂಗಳದಲ್ಲಿ ನಿಂತಿದ್ದ ಮಷೀನನ್ನು ಸುತ್ತು ಹಾಕಿ ನೋಡಿ, “ಕಾಕಾ, ಇದನ್ನ ನಮ್ಮ ವಾರ್ಡಿಗೆ ತರ್ರಿ. ಪೇಷಂಟ್ ಒಂದ ಕಡೆ ಬೀಳಲಿ, ಅವರ ಬೀಗರು ಬಳಗದವರು ಒಂದ ಕಡೆ ಬೀಳಲಿ. ನಾವ ಅರ್ಧ ಉಳಿತೇವಿ,” ಎಂದಳು. ನನ್ನ ಹೆಂಡತಿ ಶಾಂತವ್ವ ನಗುತ್ತ ನಗುತ್ತ ಹೋಳಿಗೆ ಸೀಯಿಸಿಬಿಟ್ಟಳು. ಆ ಹೋಳಿಗೆಯನ್ನೂ ರೋಹಿಣಿಯೇ ತಿಂದಳು.

ಅಂಥ ಹುಡುಗಿ.

ಎರಡನೆಯ ವರ್ಷದಲ್ಲಿ ಇರಬೇಕು, ಮೇಲಿನಿಂದ ಒಂದು ಆದೇಶ ಬಂತು. ಪಿಜಿ ಡಾಕ್ಟರುಗಳನ್ನು ಹಗಲು ರಾತ್ರಿ ಒಂದೇ ಸಮನೆ ದುಡಿಸಬಾರದು, ದಿನಕ್ಕೆ ಇಷ್ಟೇ ತಾಸು, ವಾರಕ್ಕೊಂದು ರಜೆ. ಪೇಪರಿನಲ್ಲೂ ಬಂದಿತ್ತು. ಗೋಡೆಯ ಮೇಲೆ ಹೊಸ ಪಾಳಿ ಪಟ್ಟಿ ಅಂಟಿಸಿದರು. ಪಟ್ಟಿಯ ಪ್ರಕಾರ ಲೀಲಾ ಸಂಜೆಗೆ ಕೋಣೆಗೆ ಹೋಗಬೇಕು. ಆದರೆ ಆಕೆಯ ಬದಲಿಗೆ ಬಂದು ನಿಲ್ಲುವವರು ಯಾರು? ಹೊಸದಾಗಿ ಒಬ್ಬರನ್ನೂ ತೆಗೆದುಕೊಂಡಿರಲಿಲ್ಲ. ಹೀಗಾಗಿ ಪಟ್ಟಿ ಗೋಡೆಯ ಮೇಲೆ, ಹುಡುಗರು ವಾರ್ಡಿನಲ್ಲಿ.

ಒಂದು ಭಾನುವಾರ ಲೀಲಾ ಊರಿಗೆ ಬಂದಳು. ಬಂದವಳು ಚಪ್ಪಲಿಯನ್ನೂ ಬಿಡದೆ ಪಡಸಾಲೆಯ ಕಂಬಕ್ಕೆ ಆನಿಕೊಂಡು ನಿದ್ದೆ ಹೋದಳು. ಎದ್ದ ಮೇಲೆ ಉಣ್ಣುತ್ತ ಹೇಳಿದಳು. ಒಬ್ಬ ರೋಗಿಗೆ ಕೊಡಬೇಕಾದ ಇಂಜೆಕ್ಷನ್ನನ್ನು ಪಕ್ಕದ ಹಾಸಿಗೆಯವನಿಗೆ ಬರೆದುಬಿಟ್ಟಿದ್ದಳಂತೆ. ಸಿಸ್ಟರ್ ನೋಡಿ, “ಮೇಡಂ, ಇವಗ ಇದು ಯಾಕ್ರಿ?” ಎಂದು ಕೇಳಿದ್ದರಿಂದ ಒಂದು ಜೀವ ಉಳಿಯಿತಂತೆ.

“ನಾ ಬರದದ್ದು ನನಗ ನೆನಪ ಇಲ್ಲ ಅಪ್ಪಾ,” ಎಂದಳು. “ಅಕ್ಷರ ನಂದಽ. ಬರದದ್ದು ನೆನಪಿಲ್ಲ.”

ಮುಂದಿನ ವಾರ ತನಿಖೆಯವರು ಬರುತ್ತಾರೆ, ಆದೇಶ ಪಾಲಿಸುತ್ತಿದ್ದಾರೋ ಇಲ್ಲವೋ ಎಂದು ಪಿಜಿಗಳನ್ನು ಕೇಳುತ್ತಾರೆ. ಅವರ ಮುಂದೆ ನಾವು ಖರೆ ಎಷ್ಟು ತಾಸು ದುಡಿಯುತ್ತೇವೆ ಎಂಬುದನ್ನು ಹೇಳಿಬಿಡುತ್ತೇನೆ ಎಂದಳು. “ರೋಹಿಣಿ ಅಂಜತಾಳ. ಮೊದಲ ನಾ ಹೇಳತೇನಿ, ಆಮ್ಯಾಲ ನೀ ಹೂಂ ಅನ್ನು ಸಾಕು ಅಂತ ಆಕಿನ ಒಪ್ಪಿಸೇನಿ. ಇದು ನಮ್ಮಿಬ್ಬರಿಗಽ ಗೊತ್ತು.”

ಆ ಯುನಿಟ್ಟು ನಡೆಸುವವರೂ, ಕೊನೆಗೆ ಪಾಸು ಮಾಡುವವರೂ ಅದೇ ದೊಡ್ಡ ಡಾಕ್ಟರು. ಅವರ ವಿರುದ್ಧ ಬಾಯಿ ಬಿಟ್ಟರೆ ಇಷ್ಟು ವರ್ಷದ ಓದು... ಆದರೆ ಅಂಜಿಕೆಯನ್ನು ಅಂಜಿಕೆ ಎಂದು ಹೇಳುವ ರೂಢಿ ನನಗಿಲ್ಲ. ಅದಕ್ಕೆ ಬೇರೆ ಅಂಗಿ ತೊಡಿಸಿದೆ.

“ನಾ ಸುಗ್ಗ್ಯಾಗ ನಿದ್ದಿ ಕಂಡೇನೇನು? ನಿನ್ನ ವಯಸ್ಸಿನ್ಯಾಗ ನಾನು ಟ್ರ್ಯಾಕ್ಟರ್ ಮ್ಯಾಲ ಉಂಡೇನಿ, ಟ್ರ್ಯಾಕ್ಟರ್ ಮ್ಯಾಲ ಮಲಗೇನಿ. ದುಡಿದ್ರ ಯಾರೂ ಸಾಯೂದಿಲ್ಲ.”

ಆಕೆ ತಾಟಿನಲ್ಲಿ ಕೈ ಇಟ್ಟುಕೊಂಡು ನನ್ನನ್ನು ನೋಡಿದಳು. “ಅಪ್ಪಾ, ನಿನ್ನ ಮಷೀನ್ ಬಾಯಿಗೆ ನಿಂತವಗ ತಾಸಿಗೊಮ್ಮೆ ಕೈ ಬದಲಿ ಐತಿ. ನಮಗ ಇಲ್ಲ.”

“ಅದು ಮಷೀನು, ಇದು ದವಾಖಾನಿ,” ಎಂದೆ.

ನನ್ನ ಬದುಕಿನಲ್ಲಿ ಆಡಿದ ಮಾತುಗಳಲ್ಲಿ ಅದಕ್ಕಿಂತ ದಡ್ಡ ಮಾತು ಇನ್ನೊಂದಿಲ್ಲ. ಆದರೆ ಅವತ್ತು ನನಗೆ ಅದು ದೊಡ್ಡ ಬುದ್ಧಿವಂತಿಕೆಯ ಮಾತಿನಂತೆ ಕೇಳಿಸಿತು. ಲೀಲಾ ತಾಟು ತೊಳೆದಿಟ್ಟಳು. ಸಂಜೆಯ ಬಸ್ಸಿಗೆ ಹೋದಳು.

ನಮ್ಮ ಕಡೆ ಒಂದು ರೂಢಿ ಇದೆ. ಮಕ್ಕಳನ್ನು ಎಲ್ಲಿ ಕೆಲಸಕ್ಕೆ ಬಿಟ್ಟರೂ, ಮನೆ ಕಟ್ಟುವ ಗೌಂಡಿಯ ಕೈಕೆಳಗಿರಲಿ, ಅಂಗಡಿಯಲ್ಲಿರಲಿ, ಅಪ್ಪನಾದವನು ಒಮ್ಮೆ ಹೋಗಿ ಯಜಮಾನನಿಗೆ ಮುಖ ತೋರಿಸಿ, ಹೊಲದಲ್ಲಿ ಬೆಳೆದದ್ದು ಏನಾದರೂ ಕೊಟ್ಟು, ನಿಮ್ಮ ಕೂಸೆಂದು ತಿಳಿಯಿರಿ ಎಂದು ಹೇಳಿ ಬರುತ್ತಾನೆ. ನಾನೂ ಹಾಗೇ ಅಂದುಕೊಂಡೆ. ದೊಡ್ಡ ಡಾಕ್ಟರನ್ನು ಒಂದು ಸಲ ಕಂಡು ಬಂದರೆ ನನ್ನ ಮಗಳ ಮೇಲೆ ಅವರ ಕಣ್ಣು ತಂಪಾಗಿರುತ್ತದೆ. ಹೊಸ ಕಡಲೆ ಒಂದು ಚೀಲ, ಬೆಲ್ಲದ ಪೆಂಟೆ ಒಂದು. ಮನೆಯಲ್ಲಿ ಬೈಲಹೊಂಗಲಕ್ಕೆ ಹೋಗುತ್ತೇನೆ ಎಂದು ಹೇಳಿ ಹೊರಟೆ. ಲೀಲಾಗೂ ಹೇಳಲಿಲ್ಲ.

ಅವರ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತೆ. ಅವರು ಕನ್ನಡಕ ತೆಗೆದು ನೋಡಿದರು.

“ಬರ್ರಿ, ಕುಂದರ್ರಿ. ಶಿವಲೀಲಾನ ತಂದೆಯವರಾ? ಛಲೋ ಹುಡುಗಿ ರೀ. ಭಾಳ ದುಡಿತಾಳ.”

ನಾನು ನಿಂತೇ ಇದ್ದೆ. “ಏ, ಕುಂದರ್ರಿ ಅಂದ್ರ ಕುಂದರ್ರಿ. ನಾನೂ ಕಿತ್ತೂರ ಕಡಿಯವ. ನಮ್ಮ ಅಪ್ಪಾನೂ ಹೊಲದಾಗ ದುಡದವನಽ,” ಎಂದರು.

ಕುಳಿತೆ. ಇದನ್ನು ಹೇಗೆ ಹೇಳಲಿ... ಓದಿದವರ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತದ್ದು ನನಗೆ ಅದೇ ಮೊದಲು. ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ಎಲ್ಲ ಕಡೆ ನಾನು ನಿಂತೇ ಮಾತಾಡಿದವನು. ಇಲ್ಲಿ ಚಹಾ ಬಂತು, ಕಪ್ಪಿನ ಕೆಳಗೆ ಬಸಿ ಇತ್ತು. ಹೊರಗೆ ದೊಡ್ಡ ದೊಡ್ಡ ಡಾಕ್ಟರುಗಳು ಕಾಯುತ್ತಿದ್ದರೂ ಅವರು ನನ್ನ ಕೂಡ ಮಳೆ ಬೆಳೆ ಮಾತಾಡಿದರು. ಆಮೇಲೆ ತಮ್ಮ ಗೋಳು ಹೇಳಿದರು.

“ಹೊಸಾ ಆದೇಶ ಕೇಳೀರೇನು? ಹುಡುಗರ ತಾಸು ಕಡಿಮಿ ಮಾಡ್ರಿ ಅಂತಾರ. ಮಾಡೂಣು, ನನಗೇನ ದ್ವೇಷ ಐತ್ರಿ ಅವರ ಮ್ಯಾಲ? ಆದ್ರ ಇಬ್ಬರನ ಮನಿಗೆ ಕಳಿಸಿದ್ರ ವಾರ್ಡಿನ್ಯಾಗ ಯಾರ ನಿಂದರಬೇಕು? ಪೇಷಂಟ್ ಬರೂದೇನ ಕಡಿಮಿ ಆಗೇತಿ? ಆದೇಶ ಕೊಟ್ಟಾರ, ಆಳು ಕೊಟ್ಟಿಲ್ಲ.”

ಆ ಮಾತು ನನಗೆ ನೇರ ತಾಗಿತು. ಸುಗ್ಗಿಯಲ್ಲಿ ಆಳು ಬರದೆ ಹೋದರೆ ಮಷೀನಿನ ಮಾಲೀಕನ ಗತಿ ಏನಾಗುತ್ತದೆ ಎಂಬುದು ನನಗೆ ಗೊತ್ತು. ಒಬ್ಬ ಮಾಲೀಕ ಇನ್ನೊಬ್ಬ ಮಾಲೀಕನ ಕೂಡ ಮಾತಾಡಿದಂತೆ ಆಯಿತು. ನಾನೂ ಅವರಷ್ಟೇ ದೊಡ್ಡವನೆನಿಸಿತು. ಅವರಿಗೆ ಏನಾದರೂ ಕೊಡಬೇಕೆನಿಸಿತು. ಕಡಲೆ ಸಾಲದೆನಿಸಿತು.

“ಸಾಹೇಬ್ರ, ಒಂದ ಮಾತ ಹೇಳತೇನಿ. ಮುಂದಿನ ವಾರ ತನಿಖಿಯವರು ಬರತಾರಲ್ರೀ, ಅವರ ಮುಂದ ಖರೇ ತಾಸು ಹೇಳಬೇಕಂತ ಮಾಡ್ಯಾರ್ರಿ, ನಿಮ್ಮ ಹುಡುಗ್ಯಾರು.”

ಅವರು ಕಪ್ಪು ಕೆಳಗಿಟ್ಟರು. “ಯಾರು?”

ಅಲ್ಲಿ ಒಂದು ಗಳಿಗೆ ಇತ್ತು. ಇಲ್ಲ ಬಿಡಿರಿ, ಏನೋ ಕೇಳಿದ್ದೆ ಅಷ್ಟೇ — ಎಂದು ನಾನು ಎದ್ದುಬಿಡಬಹುದಿತ್ತು. ಎದ್ದಿದ್ದರೆ... ಏಳಲಿಲ್ಲ. ನನ್ನ ಮಗಳ ಹೆಸರು ಬಾಯಿಯ ತನಕ ಬಂದದ್ದನ್ನು ನುಂಗಿ, ಅದರ ಜಾಗದಲ್ಲಿ ಇನ್ನೊಂದು ಹೆಸರು ಇಟ್ಟೆ.

“ಆ ರಾಮದುರ್ಗದ ಹುಡುಗಿ ರೀ. ರೋಹಿಣಿ. ನಮ್ಮಾಕಿ ಅಂಥಾಕಿ ಅಲ್ರಿ. ಆಕಿನಽ ನಮ್ಮಾಕಿ ತಲಿ ಕೆಡಿಸ್ಯಾಳ.”

“ಆತು ಬಿಡ್ರಿ. ನಾ ನೋಡತೇನಿ,” ಎಂದರು ದೊಡ್ಡ ಡಾಕ್ಟರು. ಬಾಗಿಲ ತನಕ ಬಂದು ನನ್ನನ್ನು ಕಳಿಸಿದರು.

ಬಸ್ಸಿಳಿದು ಮನೆಗೆ ಹೋಗದೆ ನೇರವಾಗಿ ಮಷೀನು ನಡೆದಿದ್ದ ಹೊಲಕ್ಕೆ ಹೋದೆ. ಬಾಯಿಗೆ ನಿಂತಿದ್ದವನ ತಲೆ ತೂಗುತ್ತಿತ್ತು. ನಾನು ಟ್ರ್ಯಾಕ್ಟರ್ ಬಂದ್ ಮಾಡಿಸಿ ಕೂಗಾಡಿದೆ. “ಯಾರಲೇ ಇವನ್ನ ಇಷ್ಟೊತ್ತ ನಿಂದರ್ಸಿದವರು? ಮನಷ್ಯಾ ಅದಾನೋ ಹೊಟ್ಟ ಅದಾನೋ? ಸರಿಯೋ ತಮ್ಮಾ, ಹೋಗಿ ನೆರಳಾಗ ಮಲಕೋ.” ಅವನ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ, ಮೈಮೇಲಿನ ಹೊಟ್ಟು ಝಾಡಿಸಿಕೊಂಡು ಮನೆಗೆ ಬಂದೆ. ನನ್ನಂಥ ಮಾಲೀಕ ಈ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ ಅಂದುಕೊಂಡೆ. ಮುಂಜಾನೆ ಎಲ್ಲಿ ಕುಳಿತು ಏನು ಹೇಳಿ ಬಂದಿದ್ದೆ ಎಂಬುದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯಗೊಡಲಿಲ್ಲವೋ.

ತನಿಖೆಯವರು ಬಂದ ದಿನ ಮುಂಜಾನೆ ರೋಹಿಣಿಯನ್ನು ಬೇರೆ ಊರಿನ ಆರೋಗ್ಯ ಶಿಬಿರಕ್ಕೆಂದು ಜೀಪಿನಲ್ಲಿ ಕಳಿಸಿಬಿಟ್ಟರು. ಲೀಲಾ ಕಾದಳು, ನೋಡಿದಳು, ಗೆಳತಿ ಇಲ್ಲ. ಅಂಜಿಕೊಂಡು ಶಿಬಿರದ ನೆಪದಲ್ಲಿ ತಪ್ಪಿಸಿಕೊಂಡಳು ಎಂದುಕೊಂಡಳು. ಒಬ್ಬಳೇ ನಿಂತಾಗ ಧೈರ್ಯ ಸಾಲಲಿಲ್ಲ. ಎಲ್ಲ ಪಟ್ಟಿಯ ಪ್ರಕಾರವೇ ನಡೆದಿದೆಯೇ ಎಂದು ಅವರು ಕೇಳಿದಾಗ ಹೂಂ ಎಂದಳು. ಮರುದಿನ ರೋಹಿಣಿ ತಿರುಗಿ ಬಂದಾಗ ದೊಡ್ಡ ಡಾಕ್ಟರು ಆಕೆಯನ್ನು ಕರೆದು ಒಂದೇ ಮಾತು ಹೇಳಿದರಂತೆ — ನಿಮ್ಮೊಳಗಿನವರೇ ನನಗೆ ತಿಳಿಸಿದ್ದಾರೆ. ಗೊತ್ತಿದ್ದವರು ಇಬ್ಬರೇ. ರೋಹಿಣಿ ಯಾರನ್ನು ತಿಳಿಯಬೇಕು?

ಆಮೇಲಿನದು ನನಗೆ ಲೀಲಾಳ ಫೋನಿನಲ್ಲಿ ತುಂಡು ತುಂಡಾಗಿ ಕೇಳಿಬಂತು. ವಾರ್ಡಿನ ರೌಂಡ್ಸಿನಲ್ಲಿ ಎಲ್ಲರ ಮುಂದೆ ರೋಹಿಣಿಗೆ ಚುಚ್ಚು ಮಾತು. ಆಕೆಯ ರಜೆ ರದ್ದು. ಯಾರಿಗೆ ಹುಷಾರಿಲ್ಲದಿದ್ದರೂ ಅವರ ಪಾಳಿ ಆಕೆಯ ತಲೆಗೆ. ಗೆಳತಿಯರ ನಡುವೆ ಮಾತು ನಿಂತಿತು. ಒಂದು ದಿನ ರೋಹಿಣಿ ಸೂಟ್‌ಕೇಸ್ ತುಂಬಿಕೊಂಡು ರಾಮದುರ್ಗಕ್ಕೆ ಹೋದವಳು ತಿರುಗಿ ಬರಲಿಲ್ಲ.

“ರೋಹಿಣಿ ಬಿಟ್ಟ ಹೋದ್ಲು ಅಪ್ಪಾ,” ಎಂದು ಲೀಲಾ ಫೋನಿನಲ್ಲಿ ಹೇಳಿದಳು. “ಆವತ್ತ ನನ್ನ ಒಬ್ಬಾಕಿನ ಬಿಟ್ಟಾಕಿ, ಈಗೂ ಬಿಟ್ಟಳು.”

ಆಗಲಾದರೂ — ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದು ಇದು: “ದುಡಿಯಾಕ ಆಗದವರು ಹಿಂಗಽ ಬಿಟ್ಟ ಹೋಗತಾರ. ನೀ ಗಟ್ಟಿ ಇರು.”

ದೊಡ್ಡ ಡಾಕ್ಟರು ಮಾಡಿದ್ದು ಅವರ ಪಾಲು, ಆಳು ಕೊಡದೆ ಆದೇಶ ಕೊಟ್ಟವರದು ಅವರ ಪಾಲು. ಅದನ್ನು ಅವರು ನೋಡಿಕೊಳ್ಳಲಿ. ಈ ಮಾತು ನನ್ನ ಪಾಲು. ಇದರಲ್ಲಿ ಯಾರಿಗೂ ಹಿಸೆ ಇಲ್ಲ.

ಲೀಲಾ ಗಟ್ಟಿಯೇ ಆದಳು. ಪಾಸಾದಳು, ಮದುವೆಯಾದಳು, ಈಗ ಬೇರೊಂದು ದೊಡ್ಡ ದವಾಖಾನೆಯಲ್ಲಿ ಪಿಜಿಗಳಿಗೆ ಕಲಿಸುತ್ತಾಳೆ. ಅವರ ಪಾಳಿ ಹಾಕುವವಳೂ ಆಕೆಯೇ. ಹೋದ ವರ್ಷ ನಾಗರ ಪಂಚಮಿಗೆ ಮನೆಗೆ ಬಂದಾಗ ಯಾರೋ ಹುಡುಗ ಫೋನು ಮಾಡಿದ. ಏನೋ ರಜೆ ಕೇಳಿದನೆಂದು ಕಾಣುತ್ತದೆ. ಲೀಲಾ ಉಂಡಿ ಕಟ್ಟುತ್ತಿದ್ದವಳು ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಇಟ್ಟುಕೊಂಡು, “ನಿನ್ನ ವಯಸ್ಸಿನ್ಯಾಗ ನಾವು ನಿದ್ದಿ ಕಂಡೇವೇನು? ದುಡಿದ್ರ ಯಾರೂ ಸಾಯೂದಿಲ್ಲ,” ಎಂದಳು.

ನನ್ನ ಮಾತು. ನನ್ನದೇ ದನಿಯ ಏರಿಳಿತ. ಶಾಂತವ್ವ ಉಂಡಿಯ ಪರಾತದಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಕಂಬಕ್ಕೆ ಆನಿಕೊಂಡು ಚಪ್ಪಲಿಯಲ್ಲೇ ಮಲಗಿದ ಹುಡುಗಿ ಎಲ್ಲಿ ಹೋದಳು ಎಂದು ನನಗೆ ಒಮ್ಮೆಲೇ ಅನಿಸಿತು. ಆಕೆಯನ್ನು ಅಷ್ಟು ಗಟ್ಟಿ ಮಾಡಿದ್ದು ನನ್ನ ಮಾತೊಂದೇ ಅಲ್ಲ. ಗೆಳತಿ ಕೈಕೊಟ್ಟಳು, ಖರೆ ಹೇಳುವವರ ಜೊತೆ ಯಾರೂ ನಿಲ್ಲುವುದಿಲ್ಲ ಎಂಬ ನಂಬಿಕೆ. ಆ ನಂಬಿಕೆಗೆ ಬುಡದಲ್ಲಿ ಇದ್ದದ್ದು ನನ್ನ ಸುಳ್ಳು.

ಅಷ್ಟಾದರೂ ನಾನು ಬಾಯಿ ಬಿಡಲಿಲ್ಲ. ಬಿಡಿಸಿದ್ದು ನನ್ನ ಕೈಗೆ ಬಿದ್ದ ಗಾಯ.

ಈ ಸುಗ್ಗಿಯಲ್ಲಿ ಮಷೀನು ಉಗರಗೋಳದ ಹೊಲದಲ್ಲಿತ್ತು. ಬೆಲ್ಟ್ ಹರಿದು ನನ್ನ ಅಂಗೈ ಸೀಳಿತು. ಟವೆಲ್ ಸುತ್ತಿಕೊಂಡು ಸವದತ್ತಿಗೆ ಬಂದು, ಅಲ್ಲಿನ ಒಂದು ದವಾಖಾನೆಯಲ್ಲಿ ಕುಳಿತೆ. ಒಳಗಿನಿಂದ ಬಂದ ಡಾಕ್ಟರಮ್ಮ ಟವೆಲ್ ಬಿಚ್ಚಿದಳು, ಕೈ ನೋಡಿದಳು, ಆಮೇಲೆ ಮುಖ ನೋಡಿದಳು.

“ಕಾಕಾ? ದೊಡವಾಡದ ಕಾಕಾ ಅಲ್ರೀ ನೀವು? ಲೀಲಾನ ಅಪ್ಪಾರು?”

ರೋಹಿಣಿ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನಗು ಅದೇ.

“ಮಷೀನ್ ಬಾಯಾಗ ಕೈ ಕೊಟ್ರೇನು? ನಿಮ್ಮ ಕಾಯ್ದೆ ನೀವಽ ಮುರದ್ರಿ ನೋಡ್ರಿ.”

“ಬಾಯಾಗ ಅಲ್ಲವ್ವ, ಬೆಲ್ಟ್ ಹತ್ತಿತು,” ಎಂದೆ.

ಪಿಜಿ ಮತ್ತೆ ಮಾಡಲಿಲ್ಲವಂತೆ. ಎಂಬಿಬಿಎಸ್ ಮೇಲೆಯೇ ಅಲ್ಲಿ ಇಲ್ಲಿ ಕೆಲಸ ಮಾಡಿ ಈಗ ಸವದತ್ತಿಯಲ್ಲಿದ್ದಾಳೆ. ಆಕೆಯ ಪಾಳಿ ಮುಗಿದಿತ್ತು. ಮುಂದಿನವರು ಇನ್ನೂ ಬಂದಿರಲಿಲ್ಲ, ಸಾಲು ಬಾಗಿಲಾಚೆ ಇತ್ತು. ಆದರೂ ಅವಸರ ಮಾಡದೆ ಹೊಲಿಗೆ ಹಾಕುತ್ತ ಮಾತಾಡಿದಳು.

“ಲೀಲಾ ಹೆಂಗದಾಳ್ರಿ?”

“ಛಲೋ ಅದಾಳ.”

“ಭಾಳ ದಿನ ಆಕಿ ಮ್ಯಾಲ ಸಿಟ್ಟಿತ್ರಿ ನಂದು. ನಾವು ತನಿಖಿಯವರ ಮುಂದ ಹೇಳೂದನ್ನ ಆಕಿ ಮೊದಲಽ ಸರ್ ಮುಂದ ಹೋಗಿ ಹೇಳಿದ್ಲು. ನಿಮ್ಮೊಳಗಿನವರಽ ತಿಳಿಸ್ಯಾರ ಅಂತ ಸರ್ ಅಂದಿದ್ರು ನನಗ. ನಿಮಗ ಗೊತ್ತಿರಾಕಿಲ್ಲ ಬಿಡ್ರಿ ಅದೆಲ್ಲ.” ಸೂಜಿ ಒಳಗೆ ಹೋಗಿ ಹೊರಗೆ ಬಂತು. “ಈಗ ಸಿಟ್ಟಿಲ್ಲ. ಅಂಜಿ ಹೇಳಿರಬೇಕು. ನಮಗ ಆವಾಗ ನಿದ್ದೀನೂ ಇದ್ದಿಲ್ಲ, ಬುದ್ಧೀನೂ ಇದ್ದಿಲ್ಲ. ರೋಹಿಣಿ ಕೇಳಿದ್ಲು ಅಂತ ಹೇಳ್ರಿ ಆಕಿಗೆ. ನೋವಾತೇನ್ರಿ ಕಾಕಾ?”

“ಇಲ್ಲ,” ಎಂದೆ.

ನನ್ನ ಕೈ ಆಕೆಯ ಕೈಯಲ್ಲಿತ್ತು. ನನ್ನ ಮಗಳು ಮಾಡದ ತಪ್ಪನ್ನು ಆಕೆ ಕ್ಷಮಿಸಿ ಕುಳಿತಿದ್ದಳು. ಮಾಡಿದವನ ಗಾಯ ಹೊಲಿಯುತ್ತಿದ್ದಳು. ಆ ಹೊತ್ತಿನಲ್ಲೂ ನಾನು — ಹಿಂದೆ ಸಾಲಿನಲ್ಲಿ ಜನ ಇದ್ದಾರೆ, ಇಲ್ಲಿ ಹೇಗೆ ಹೇಳುವುದು ಎಂದು ನೆಪ ಮಾಡಿಕೊಂಡು, ನಮಸ್ಕಾರ ಹೇಳಿ ಎದ್ದು ಬಂದೆ.

ಮನೆಗೆ ಬಂದು ಶಾಂತವ್ವನಿಗೆ ಎಲ್ಲ ಹೇಳಿದೆ. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಬಡಿಯುವುದನ್ನು ನಿಲ್ಲಿಸಲಿಲ್ಲ.

“ಕಡ್ಲಿ ಚೀಲ ಹೊತ್ತಗೊಂಡ ಹ್ವಾದಾಗಽ ತಿಳೀತು ನನಗ, ಬೈಲಹೊಂಗಲಕ್ಕ ಅಲ್ಲಂತ. ಏನ ಹೇಳಿ ಬಂದ್ರಿ ಅನ್ನೂದು ತಿಳದಿದ್ದಿಲ್ಲ.” ರೊಟ್ಟಿಯನ್ನು ಹಂಚಿಗೆ ಹಾಕಿದಳು. “ನನಗ ಹೇಳಿ ಏನ್ ಮಾಡ್ತೀರಿ? ನಾ ಏನ ಕಳಕೊಂಡೇನಿ? ಕಳಕೊಂಡವರಿಗೆ ಹೇಳ್ರಿ.”

ಲೀಲಾ ಬಂದ ದಿನ ಕಟ್ಟೆಯ ಮೇಲೆ ಕೂಡಿಸಿಕೊಂಡು ಹೇಳಿದೆ. ಅಂಗಳದಲ್ಲಿ ನಿಂತ ಮಷೀನನ್ನೇ ನೋಡುತ್ತ ಕುಳಿತಿದ್ದಳು.

“ಮೊದಲ ಹೇಳತೇನಿ ಅಂದಾಕಿ ನಾನಲ್ಲಾ ಅಪ್ಪಾ?”

“ಹೌದು.”

“ಮತ್ತ ಆಕಿ ಹೆಸರ ಯಾಕ?”

“ನಿನಗ ಪೆಟ್ಟ ಬೀಳತಿತ್ತು.”

“ಬಿತ್ತಲ್ಲ ಆಕಿಗೆ,” ಎಂದಳು. ಮಷೀನಿನ ಕಡೆಯಿಂದ ನನ್ನ ಕಡೆ ತಿರುಗಿ ಮತ್ತೆ ಹೇಳಿದಳು — “ಆವತ್ತ ನನ್ನ ಹೆಸರ ಹೇಳಿದ್ರೂ ನಾ ತಡಕೋತಿದ್ದೆ. ಆಕಿ ಬಾಜೂ ಇದ್ಲಂದ್ರ ತಡಕೋತಿದ್ದೆ.”

ಎದ್ದು ನಿಂತಳು. “ಆಕಿಗೆ ನಾ ಹೇಳಾಕಿ ಅಲ್ಲ. ನೀನಽ ಹೋಗಿ ಹೇಳು. ಅಲ್ಲೀ ತನಾ ನಾ ಆಕಿಗೆ ಫೋನ್ ಮಾಡಿದ್ರ, ನಿನ್ನ ಭಾರ ನಾ ಹೊತ್ತಂಗ ಆಕ್ಕೈತಿ.”

ಉಣ್ಣದೆ ಹೋದಳು. ಆಕೆ ನಮ್ಮ ಮನೆಯಿಂದ ಉಣ್ಣದೆ ಹೋದದ್ದು ಅದೊಂದೇ ಸಲ.

ನಾನು ಸವದತ್ತಿಗೆ ಹೋದೆ. ಕೈಯಲ್ಲಿ ಚೀಲ ಒಯ್ಯಲಿಲ್ಲ. ಮುಂಜಾನೆ ಹೊತ್ತು, ಸಿಸ್ಟರು ಹೇಳಿದರು, ಮೇಡಂ ರಾತ್ರಿ ಪಾಳಿ ಮುಗಿಸಿ ಈಗ ಒಳಗೆ ಸ್ವಲ್ಪ ಅಡ್ಡಾಗಿದ್ದಾರೆ, ಮಧ್ಯಾಹ್ನ ಮತ್ತೆ ಕೂರಬೇಕು. “ಅರ್ಜಂಟ್ ಐತೇನ್ರಿ? ಎಬ್ಬಸ್ಲಿ?”

“ಬ್ಯಾಡವ್ವ. ಎಬ್ಬಿಸಬ್ಯಾಡ. ಮಲಗಲಿ.”

“ನಿಮ್ಮಂಥಾವರು ದಿನಾ ಒಬ್ಬರ ಬಂದ್ರ ಸಾಕು ನೋಡ್ರಿ ಅಜ್ಜಾರ,” ಎಂದರು ಸಿಸ್ಟರು. “ಬಂದವರೆಲ್ಲಾ ಎಬ್ಬಸ್ರಿ ಎಬ್ಬಸ್ರಿ ಅನ್ನಾವರಽ.”

ಆ ಹೊಗಳಿಕೆಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಬೇವಿನ ಗಿಡದ ಕೆಳಗೆ ಹೋಗಿ ಕುಳಿತೆ. ಜನ ಬಂದರು, ಹೋದರು. ಹೇಳಬೇಕಾದ ಮಾತನ್ನು ನೂರು ಬಗೆಯಲ್ಲಿ ತಿರುವಿ ನೋಡಿದೆ. ಪ್ರತಿ ಸಲವೂ ಅದರ ಕೊನೆಗೆ ಒಂದು ‘ಆದರೆ’ ಬಂದು ನಿಲ್ಲುತ್ತಿತ್ತು. ಆದರೆ ನಾನು ಅಪ್ಪ. ಆದರೆ ನಾನು ಓದಿದವನಲ್ಲ. ಆದರೆ ನಾನು ಅಂಜಿದ್ದೆ. ಒಂದೊಂದನ್ನೇ ತೆಗೆದು ಬದಿಗಿಟ್ಟೆ. ಹೊಟ್ಟು ಹಾರಿದ ಮೇಲೆ ಉಳಿದ ಕಾಳು ಬಹಳ ಸಣ್ಣದು.

ರೋಹಿಣಿ ಮುಖ ತೊಳೆದುಕೊಂಡು ಹೊರಗೆ ಬಂದಳು. “ಏ, ಕಾಕಾ, ಯಾವಾಗ ಬಂದ್ರಿ? ಎಬ್ಬಸಾಕ ಹೇಳಬೇಕಿಲ್ಲೋ? ಬರ್ರಿ ಒಳಗ, ಕುಂದರ್ರಿ.” ಕುರ್ಚಿ ಎಳೆದಳು.

“ನಿಂತಽ ಹೇಳತೇನಿ,” ಎಂದೆ.

ಹೇಳಿದೆ. ನಿಮ್ಮ ಸರ್ ಮುಂದೆ ಹೋಗಿ ಹೇಳಿದವನು ನಾನು. ಲೀಲಾಗೆ ಗೊತ್ತಿರಲಿಲ್ಲ. ಹೇಳಬೇಕೆಂದದ್ದು ಲೀಲಾ, ನಿನ್ನ ಹೆಸರು ಹಾಕಿದ್ದು ನಾನು. ಇಷ್ಟೇ. ಇಷ್ಟು ಹೇಳಲು ಇಷ್ಟು ವರ್ಷ.

ನನಗಾಗಿ ಎಳೆದ ಕುರ್ಚಿಯ ಮೇಲೆ ಆಕೆಯೇ ಕುಳಿತಳು. ಕೊರಳಿನ ಸ್ಟೆತಸ್ಕೋಪನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಅದರ ನಳಿಕೆಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಇಷ್ಟ ವರ್ಷ ನಾ ಆಕಿನ ಕ್ಷಮಾ ಮಾಡಕೋತ ಬಂದೆ,” ಎಂದಳು ಮೆಲ್ಲಗೆ. “ಆಕಿ ಏನೂ ಮಾಡಿದ್ದಿಲ್ಲ.”

ಕ್ಷಮಿಸು ಎಂದು ನಾನು ಕೇಳಲಿಲ್ಲ. ಕೇಳಿದರೆ ಅದನ್ನೂ ಆಕೆಯೇ ಕೊಡಬೇಕಾಗುತ್ತಿತ್ತು. ಆಕೆಯಿಂದ ನಾನು ತೆಗೆದುಕೊಂಡದ್ದು ಸಾಕು.

“ಲೀಲಾನ ನಂಬರ ಹೇಳ್ರಿ,” ಎಂದಳು. ಹೇಳಿದೆ. ಒಂದೊಂದೇ ಅಂಕಿ ಒತ್ತಿಕೊಂಡಳು. ಆಮೇಲೆ ರೂಢಿಯಂತೆ ನನ್ನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. “ಗಾಯ ಮಾದೈತಿ. ಇನ್ನ ಬರೂದು ಬ್ಯಾಡ. ಹೋಗ್ರಿ.”

ಕಾಕಾ ಎನ್ನಲಿಲ್ಲ.

ಬಾಗಿಲು ದಾಟುವಾಗ ಹಿಂದೆ ಆಕೆಯ ದನಿ ಕೇಳಿಸಿದಂತಾಯಿತು. ಫೋನಿನಲ್ಲಿ ಮಾತಾಡುತ್ತಿದ್ದಳೋ, ಮುಂದಿನ ರೋಗಿಯನ್ನು ಕರೆಯುತ್ತಿದ್ದಳೋ. ನಾನು ನಿಂತು ಕೇಳಲಿಲ್ಲ. ಬಿಸಿಲಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಅವರಿಬ್ಬರ ನಡುವಿನ ಮಾತಿನಲ್ಲಿ ನಾನು ಮತ್ತೊಮ್ಮೆ ಕಿವಿ ಇಡಬಾರದು.